ತುಂಬಿದ ಕೊಡವೂ ತುಳುಕಿದಾಗ

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುತ್ತಲೇ ಬಂದಿದ್ದೇವೆ. ಅರೆಬರೆ ಕಲಿತವನಿಗೆ ಹಮ್ಮು ಹೆಚ್ಚು, ನಿಜಕ್ಕೂ ಬಲ್ಲವನು ತಗ್ಗಿ ನಡೆಯುತ್ತಾನೆ ಎಂಬುದು ಅದರ ತಾತ್ಪರ್ಯ. ಆದರೆ ನಮ್ಮ ಐತಿಹ್ಯ, ಕಾವ್ಯ, ನಾಟಕ, ಕಾದಂಬರಿ, ಸಿನಿಮಾಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಬಗೆಯ ಪಾತ್ರ ಈ ಗಾದೆಗೆ ಒಗ್ಗುವುದೇ ಇಲ್ಲ. ಕಲ್ಲಿಗೆ ಜೀವ ತುಂಬುವ ಶಿಲ್ಪಿ, ಕೇಳಿದವರ ಮೈ ಜುಮ್ಮೆನ್ನಿಸುವ ಗಾಯಕ, ದೇವತೆಗಳಿಂದಲೇ ವಿದ್ಯೆ ಪಡೆದು ಬಂದ ತಪಸ್ವಿ, ತನ್ನ ಕಾಲವನ್ನು ದಾಟಿ ಯೋಚಿಸುವ ದೊರೆ: ಇವರ ಕೊಡ ತುಂಬಿಯೇ ಇದೆ, ಆದರೂ ತುಳುಕುತ್ತದೆ. ಹಾಗಾದರೆ ಪ್ರತಿಭೆಗೂ ಗರ್ವಕ್ಕೂ ಇರುವ ಸಂಬಂಧವೇನು? ಗರ್ವದ ಉರಿಯಿಲ್ಲದೆ ಪ್ರತಿಭೆ ಬೇಯುವುದೇ ಇಲ್ಲ ಎನ್ನುವವರಿದ್ದಾರೆ. ಗರ್ವಿಷ್ಠನಿಗೆ ಕೊನೆಯಲ್ಲಿ ತಕ್ಕ ಶಾಸ್ತಿಯಾದರೆ ಸಾಕು ಎನ್ನುವವರೂ ಇದ್ದಾರೆ. ಈ ಎರಡು ಮಾತೂ ನಮ್ಮ ಒಳ್ಳೆಯ ಕೃತಿಗಳ ಮಟ್ಟಕ್ಕೆ ಏರುವುದಿಲ್ಲ. ಗರ್ವವನ್ನು ಅವು ನಡತೆಯ ದೋಷಕ್ಕಿಂತ ಹೆಚ್ಚಾಗಿ ಕಣ್ಣಿನ ದೋಷವೆಂದು ತೋರಿಸುತ್ತವೆ. ಎಲ್ಲವನ್ನೂ ಬಲ್ಲ ಮನುಷ್ಯನಿಗೆ ಕಾಣದೆ ಉಳಿದ ಜಾಗ ಯಾವುದು ಎಂದು ಬೆರಳಿಟ್ಟು ಹೇಳುವುದೇ ಅವುಗಳ ಹೆಚ್ಚುಗಾರಿಕೆ.

ಬೆಂಗಳೂರಿನ ಉತ್ತರಕ್ಕಿರುವ ಹೆಸರಘಟ್ಟದಿಂದ ಈ ವಿಚಾರವನ್ನು ಶುರುಮಾಡುವುದಕ್ಕೆ ಕಾರಣವಿದೆ. ಒಂದು ಕಾಲಕ್ಕೆ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟ ಇಲ್ಲಿನ ಕೆರೆಯ ಆಸುಪಾಸಿನಲ್ಲಿ ಎರಡು ಬಗೆಯ ಕಲಾಶಾಲೆಗಳಿವೆ. ಒಂದು, ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಹುಟ್ಟಿ ಇಲ್ಲಿಗೆ ಬಂದ ಈ ಕಲಿಕೆಯ ಪರಂಪರೆಯಿಂದಲೇ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಹೊರಬಂದದ್ದು. ಇನ್ನೊಂದು, ಪ್ರೊತಿಮಾ ಗೌರಿ ಬೇಡಿ ೧೯೯೦ರಲ್ಲಿ ಕಟ್ಟಿದ ನೃತ್ಯಗ್ರಾಮ. ಮೊದಲನೆಯದು ಕತೆಯನ್ನು ಪರದೆಗೆ ತರುವುದನ್ನು ಕಲಿಸುತ್ತದೆ. ಎರಡನೆಯದು ಗುರುಕುಲದ ಕ್ರಮದಲ್ಲಿ ದಿನವಿಡೀ ಮೈ ದಣಿಸುವ ಸಾಧನೆಯನ್ನು ಕಲಿಸುತ್ತದೆ. ಪ್ರತಿಭಾವಂತರ ಬಗೆಗಿನ ಕತೆಗಳು ಸಾಮಾನ್ಯವಾಗಿ ಮರೆಮಾಡುವುದು ಈ ಎರಡನೆಯದನ್ನೇ. ಸಿನಿಮಾದಲ್ಲಿ ಹತ್ತು ವರ್ಷದ ಅಭ್ಯಾಸ ಒಂದು ಹಾಡಿನ ನಡುವೆ ಮುಗಿದುಹೋಗುತ್ತದೆ. ವೇದಿಕೆ, ಚಪ್ಪಾಳೆ, ಠೇಂಕಾರ ಮಾತ್ರ ಕಣ್ಣೆದುರು ಉಳಿಯುತ್ತವೆ. ದುಡಿಮೆ ಕಾಣದಿದ್ದಾಗ ಠೇಂಕಾರವೇ ಪ್ರತಿಭೆಯ ಮೂಲವೆಂಬ ಭ್ರಮೆ ನೋಡುವವರಿಗೆ ಹುಟ್ಟುತ್ತದೆ. ನೃತ್ಯಗ್ರಾಮವನ್ನು ಕಟ್ಟಿದವರ ಬದುಕು ಇದಕ್ಕೆ ಎದುರಾದ ಸಾಕ್ಷ್ಯ. ಮುಂಬಯಿಯಲ್ಲಿ ಆಗಲೇ ಹೆಸರಾಗಿದ್ದ ಪ್ರೊತಿಮಾ, ೧೯೭೫ರಲ್ಲಿ ಒಡಿಸ್ಸಿಯನ್ನು ಕಂಡು ಮನಸೋತು ಕೇಲುಚರಣ ಮಹಾಪಾತ್ರರ ಬಳಿ ಕಲಿಯಲು ಹೋದಾಗ ಅವರಿಗೆ ೨೬ ವರ್ಷ. ಎಳೆಯ ಮಕ್ಕಳು ಕಲಿಯುವ ಮೊದಲ ಪಾಠವನ್ನು ಆ ವಯಸ್ಸಿನಲ್ಲಿ ಕಲಿಯಲು ನಿಲ್ಲಬೇಕಾದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಎದೆಗಾರಿಕೆ ಬೇಕು.

ಕನ್ನಡದ ಗರ್ವಿಷ್ಠ ಪ್ರತಿಭಾವಂತರಲ್ಲಿ ಎಲ್ಲರಿಗಿಂತ ಹೆಚ್ಚು ಪರಿಚಿತ ಜಕಣಾಚಾರಿ. ಬೇಲೂರಿನ ಐತಿಹ್ಯ ಹೇಳುವಂತೆ, ಹೆಂಡತಿಯನ್ನೂ ಊರನ್ನೂ ಬಿಟ್ಟು ಬಂದ ಈ ಶಿಲ್ಪಿ ಚೆನ್ನಿಗರಾಯನ ವಿಗ್ರಹವನ್ನು ಮುಗಿಸಿದ್ದಾನೆ. ಎಲ್ಲಿಂದಲೋ ಬಂದ ಒಬ್ಬ ಹುಡುಗ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಜಕಣ ಪಣ ತೊಡುತ್ತಾನೆ. ಹುಡುಗ ವಾದಕ್ಕೆ ಇಳಿಯುವುದಿಲ್ಲ. ಗಂಧ ತೇಯ್ದು ವಿಗ್ರಹದ ಮೈಗೆಲ್ಲ ಬಳಿಸುತ್ತಾನೆ, ಕಾಯುತ್ತಾನೆ. ಲೇಪ ಒಂದೊಂದೇ ಕಡೆ ಒಣಗಿ ಬಣ್ಣ ತಿರುಗುತ್ತ ಬರುತ್ತದೆ. ಹೊಕ್ಕುಳಿನ ಬಳಿ ಮಾತ್ರ ಒದ್ದೆ ಆರುವುದಿಲ್ಲ. ಅಲ್ಲಿ ಉಳಿ ಇಟ್ಟಾಗ ಮರಳು, ನೀರು, ಜೊತೆಗೆ ಜೀವಂತ ಕಪ್ಪೆ ಹೊರಬರುತ್ತವೆ. ಜಕಣ ಮಾತಿಗೆ ತಪ್ಪದೆ ಕೈ ಕಡಿದುಕೊಳ್ಳುತ್ತಾನೆ. ಆಮೇಲೆ ಆ ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿಯುತ್ತದೆ. ೧೯೬೪ರ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಈ ಕತೆಯನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. ಇಲ್ಲಿ ಗಮನಿಸಬೇಕಾದದ್ದು ಕೈ ಹೋದ ಸಂಗತಿಯನ್ನಲ್ಲ. ಜಕಣನಿಗೆ ಕಲ್ಲಿನ ಹೊರಮೈ ಅಂಗುಲ ಅಂಗುಲವೂ ಗೊತ್ತಿತ್ತು, ಒಳಗೆ ಉಸಿರಾಡುತ್ತಿದ್ದ ಜೀವ ಗೊತ್ತಿರಲಿಲ್ಲ. ತಾನು ಬಿಟ್ಟು ಬಂದ ಮನೆಯ ಮಗುವನ್ನು ಎದುರಿಗೆ ನಿಂತಾಗಲೂ ಗುರುತಿಸಲಾರದವನು, ತಾನೇ ಕೆತ್ತಿದ ಕಲ್ಲಿನ ಒಳಗನ್ನೂ ಅರಿಯಲಾರದೆ ಹೋದ. ಎರಡು ಕುರುಡುಗಳನ್ನು ಒಂದೇ ಗಂಟಿಗೆ ಕಟ್ಟಿದ ಜನಪದ ಕಲ್ಪನೆ ಎಷ್ಟು ಸೂಕ್ಷ್ಮವಾದದ್ದು!

ಇತಿಹಾಸದಲ್ಲಿ ಈ ಹೆಸರಿನ ಶಿಲ್ಪಿ ಸಿಗುವುದಿಲ್ಲ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಉಳಿದ ಶಿಲ್ಪಿಗಳಿಗೆ ಸವಾಲೆಸೆಯುವಂಥ ಬಿರುದುಗಳನ್ನೂ ಹಾಕಿಕೊಂಡಿದ್ದಾರೆ. ಕಸುಬಿನ ಹೆಮ್ಮೆ ಆ ಕಾಲದಲ್ಲಿ ಬಚ್ಚಿಡುವ ಸಂಗತಿಯಾಗಿರಲಿಲ್ಲ. ಹೀಗಿದ್ದೂ ಜನ ಕತೆ ಕಟ್ಟಿದ್ದು ಬಿರುದಿನ ಬಗ್ಗೆಯಲ್ಲ, ಬಿರುದಿನ ಕಣ್ಣಿಗೆ ಬೀಳದ ಕಪ್ಪೆಯ ಬಗ್ಗೆ. ಪಂಪನಿಗೂ ಇದೇ ನೋಟವಿತ್ತು. ‘ಆದಿಪುರಾಣ’ದ ಭರತ ಚಕ್ರವರ್ತಿ ಲೋಕವನ್ನೆಲ್ಲ ಗೆದ್ದು ತನ್ನ ಪ್ರಶಸ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ಅಲ್ಲಿ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳೇ ತುಂಬಿ, ಒಂದಕ್ಷರ ಬರೆಯುವುದಕ್ಕೂ ತೆರಪಿಲ್ಲ. ಅವನ ಗರ್ವ ಆ ಕ್ಷಣ ಕುಗ್ಗುತ್ತದೆ. ಆದರೂ ಯಾರದೋ ಒಂದು ಪ್ರಶಸ್ತಿಯನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ತನ್ನದನ್ನೂ ನಾಳೆ ಇನ್ನೊಬ್ಬ ಅಳಿಸುವನು ಎಂಬುದನ್ನು ಕಂಡೂ ಕಾಣದವನಂತೆ ನಡೆಯುವ ಆ ಗಳಿಗೆ, ಗರ್ವದ ಬಗ್ಗೆ ಕನ್ನಡದಲ್ಲಿ ಬಂದ ಅತ್ಯಂತ ನಿಷ್ಠುರವಾದ ಚಿತ್ರಗಳಲ್ಲಿ ಒಂದು.

ಶರಣರು ಎಣಿಸಿದ ಅಷ್ಟಮದಗಳಲ್ಲಿ ಕುಲ, ಧನ, ರೂಪಗಳ ಜೊತೆ ವಿದ್ಯಾಮದವೂ ತಪೋಮದವೂ ಸೇರಿವೆ. ಈ ಎರಡೂ ಒಬ್ಬನಲ್ಲೇ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯ ಯವಕ್ರೀ ನಿದರ್ಶನ. ಮಹಾಭಾರತದ ವನಪರ್ವದ ಯವಕ್ರೀತ ಗುರುವಿನ ಹಂಗಿಲ್ಲದೆ ವೇದಜ್ಞಾನ ಬೇಕೆಂದು ತಪಸ್ಸಿಗೆ ಕೂರುತ್ತಾನೆ. ಇಂದ್ರ ಮುದುಕನ ವೇಷದಲ್ಲಿ ಬಂದು ಗಂಗೆಗೆ ಹಿಡಿಹಿಡಿ ಮರಳು ಹಾಕಿ ಸೇತುವೆ ಕಟ್ಟುತ್ತೇನೆಂದು ಹೊರಟು, ಅವನ ಪ್ರಯತ್ನವೂ ಅಂಥದ್ದೇ ಎಂದು ತೋರಿಸುತ್ತಾನೆ. ಕಾರ್ನಾಡರು ಇದನ್ನು ಬರಗಾಲದ ನಾಡಿಗೆ ತಂದರು. ಮಳೆಗಾಗಿ ಏಳು ವರ್ಷಗಳಿಂದ ಯಜ್ಞ ನಡೆಯುತ್ತಿರುವ ನಾಡಿಗೆ, ಹತ್ತು ವರ್ಷ ತಪಸ್ಸು ಮಾಡಿ ಇಂದ್ರನಿಂದಲೇ ವರ ಪಡೆದ ಯವಕ್ರೀ ಮರಳುತ್ತಾನೆ. ಬೇಡರ ಹುಡುಗಿ ನಿತ್ತಿಲೆಗೆ ಹುಟ್ಟುವ ಪ್ರಶ್ನೆ ತೀರ ಸರಳ: ದೇವರೇ ಎದುರಿಗೆ ಬಂದಾಗ ಈತ ನಾಲ್ಕು ಹನಿ ಮಳೆಯನ್ನು ಏಕೆ ಕೇಳಲಿಲ್ಲ? ವಿದ್ವಾಂಸರ ಕುಟುಂಬದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಇದು. ಯವಕ್ರೀಯ ವಿದ್ಯೆ ಹಳೆಯ ಹಗೆ ತೀರಿಸುವುದಕ್ಕೆ ಖರ್ಚಾಗಿ, ಕೊನೆಗೆ ಅವನು ಜೀವ ಉಳಿಸಿಕೊಳ್ಳಲು ತಂದೆಯ ಆಶ್ರಮಕ್ಕೆ ಓಡಿ ಬಂದಾಗ ಬಾಗಿಲು ಕಾಯುವ ಕುರುಡ ಅವನನ್ನು ಗುರುತಿಸದೆ ತಡೆಯುತ್ತಾನೆ. ಎಲ್ಲವನ್ನೂ ಅರಿತು ಬಂದವನ ಹೆಜ್ಜೆಯ ಸದ್ದು ಮನೆಯವರಿಗೇ ಅಪರಿಚಿತವಾಗಿದೆ.

ಕಾರ್ನಾಡರ ‘ತುಘಲಕ್’ (೧೯೬೪) ಇದೇ ಸಂಗತಿಯನ್ನು ರಾಜ್ಯದ ಅಳತೆಗೆ ಹಿಗ್ಗಿಸುತ್ತದೆ. ಮಹಮ್ಮದ್ ಬಿನ್ ತುಘಲಕ್‌ನನ್ನು ಹುಚ್ಚು ದೊರೆ ಎಂದು ತಳ್ಳಿಹಾಕುವ ಪಠ್ಯಪುಸ್ತಕದ ರೂಢಿಗೆ ಈ ನಾಟಕ ಒಗ್ಗಲಿಲ್ಲ. ಇಲ್ಲಿನ ಸುಲ್ತಾನ ಗ್ರೀಕರ ತತ್ವಶಾಸ್ತ್ರ ಓದಿದವನು, ಕಾವ್ಯ ಪ್ರೇಮಿ, ನ್ಯಾಯದ ಮುಂದೆ ತಾನೂ ಪ್ರಜೆಯೇ ಎಂದು ಸಾರುವವನು. ಹಳೆಯ ಚದುರಂಗ ಪಂಡಿತರು ಬಿಡಿಸಲಾಗದೆಂದು ಕೈಬಿಟ್ಟ ಸಮಸ್ಯೆಯೊಂದನ್ನು ಬಿಡಿಸಿದೆನೆಂದು ಮಲತಾಯಿಯೊಡನೆ ಸಂಭ್ರಮಿಸುವ ದೃಶ್ಯದಲ್ಲೇ ಅವನ ಬುದ್ಧಿಯ ಹೊಳಪೂ ಅದರ ಅಪಾಯವೂ ಒಟ್ಟಿಗೆ ತೋರುತ್ತವೆ. ಮನುಷ್ಯರೂ ಕಾಯಿಗಳಂತೆ ನಡೆಸಿದತ್ತ ನಡೆಯುತ್ತಾರೆಂದು ಅವನು ನಂಬಿದ್ದಾನೆ. ಅವನ ಒಂದೊಂದು ಯೋಜನೆಯ ಬಿರುಕನ್ನೂ ಅರಿತು ಬಳಸಿಕೊಳ್ಳುವವನು ಅಜೀಜ್ ಎಂಬ ಅಗಸ. ನ್ಯಾಯದ ಘೋಷಣೆ ಬಂದಾಗ ಬ್ರಾಹ್ಮಣನ ವೇಷ ಹಾಕಿ ಪರಿಹಾರ ಪಡೆಯುತ್ತಾನೆ, ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯ ಟಂಕಿಸುತ್ತಾನೆ. ಕಾವ್ಯದಂತೆ ಅರಳಬೇಕೆಂದು ಸುಲ್ತಾನ ಕನಸಿದ್ದ ಗುಲಾಬಿ ತೋಟದಲ್ಲಿ ಕೊನೆಗೆ ಖೋಟಾ ನಾಣ್ಯಗಳ ರಾಶಿ ಬೀಳುತ್ತದೆ. ಸಾಮ್ರಾಜ್ಯದ ಅತ್ಯಂತ ಬುದ್ಧಿವಂತನನ್ನು ಪೂರ್ತಿಯಾಗಿ ಅರ್ಥಮಾಡಿಕೊಂಡವನು ಅವನು ಎಂದೂ ಲೆಕ್ಕಕ್ಕೆ ಹಿಡಿಯದ ಒಬ್ಬ ಅಗಸ. ಬೇಲೂರಿನ ಕಪ್ಪೆ ಇಲ್ಲಿ ಅಜೀಜನ ರೂಪದಲ್ಲಿದೆ.

ಹೊರಲೋಕದ ಸೋಲಿನಿಂದಲೇ ಗರ್ವವನ್ನು ಅಳೆಯುವುದಾದರೆ ಸೋಲದ ಗರ್ವಿಷ್ಠನನ್ನು ಏನು ಮಾಡುವುದು? ಎಸ್.ಎಲ್. ಭೈರಪ್ಪನವರ ‘ಮಂದ್ರ’ (೨೦೦೧) ಈ ಕಷ್ಟದ ಪ್ರಶ್ನೆಯನ್ನೇ ಎತ್ತಿಕೊಂಡಿತು. ಹಿಂದೂಸ್ತಾನಿ ಗಾಯಕ ಮೋಹನಲಾಲನ ಸಂಗೀತ ನಿಜವಾದದ್ದು. ರಾಗದ ಒಳಹೊಕ್ಕು ಅವನು ಕಾಣುವುದನ್ನು ಕಾದಂಬರಿ ಪುಟಗಟ್ಟಲೆ ತೋರಿಸುತ್ತದೆ. ಅವನ ನಡತೆಯೂ ಅಷ್ಟೇ ನಿಜವಾದದ್ದು. ಹೆಂಡತಿ ರಾಮಕುಮಾರಿಗೆ ಒಂಟಿತನ, ಕಲಿಯಲು ಬಂದ ಮಧುಮಿತಾಳಿಗೆ ವಿದ್ಯೆಯ ಬೆಲೆಯಾಗಿ ದೇಹವನ್ನೇ ತೆರಬೇಕಾದ ಪಾಡು. ಕಲೆಯನ್ನು ಕಲೆಯಾಗಿ ನೋಡಿ, ಕಲಾವಿದನ ಬದುಕನ್ನು ಪಕ್ಕಕ್ಕಿಡಿ ಎಂಬ ವಾದಕ್ಕೆ ಇದು ಒಳ್ಳೆಯ ಪರೀಕ್ಷೆ. ಅವನು ಹಾಡಿದ ಸ್ವರ ಅವನ ನಡತೆಯಿಂದ ಅಪಸ್ವರವಾಗುವುದಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಆ ವಾದ ಬೆಲೆಯ ಲೆಕ್ಕವನ್ನು ಮುಚ್ಚಿಡುತ್ತದೆ. ಆ ಸಂಗೀತಕ್ಕಾಗಿ ಮನೆ ನಡೆಸಿದವರು, ಕಾದವರು, ಸಹಿಸಿದವರು ಯಾರೆಂದು ಬರೆದಿಡುವ ಕೆಲಸವನ್ನು ಕಾದಂಬರಿ ಮಾಡುತ್ತದೆ. ಶ್ರುತಿಯ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಿವಿಗೆ ಪಕ್ಕದಲ್ಲೇ ಕುಳಿತವಳ ದನಿ ಕೇಳಿಸುವುದಿಲ್ಲ. ಕಚೇರಿ ಗೆದ್ದರೂ ಮೋಹನಲಾಲ ಆ ಮಟ್ಟಿಗೆ ಕಿವುಡ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ಎಲ್ಲರೂ ತಲೆತಗ್ಗಿಸಿ ನಡೆದಿದ್ದರೆ ಹೊಸದು ಹುಟ್ಟುತ್ತಿತ್ತೇ? ಸರಸ್ವತಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನೆಂದು ಸಾರಿದ ರನ್ನ, ಬರೆದದ್ದನ್ನು ಅಳಿಸದ ಅಗ್ಗಳಿಕೆ ತನ್ನದೆಂದ ಕುಮಾರವ್ಯಾಸ, ಇವರ ಕೆಚ್ಚಿಲ್ಲದೆ ಕನ್ನಡ ಕಾವ್ಯ ಬೆಳೆಯುತ್ತಿತ್ತೇ? ತ.ರಾ.ಸು. ಅವರ ‘ಹಂಸಗೀತೆ’ (೧೯೫೨) ಈ ಆಕ್ಷೇಪದ ಪರವಾಗಿ ನಿಲ್ಲಬಲ್ಲ ದೊಡ್ಡ ಕೃತಿ. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ ಅಧಿಕಾರದ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಜಿ.ವಿ. ಅಯ್ಯರ್ ೧೯೭೫ರಲ್ಲಿ ತೆಗೆದ ಚಿತ್ರದಲ್ಲಿ ಅನಂತನಾಗ್ ಈ ಪಾತ್ರ ಮಾಡಿದರು. ಇವನನ್ನು ಗರ್ವಿಷ್ಠ ಎನ್ನಲು ಯಾರಿಗೂ ಮನಸ್ಸು ಬಾರದು. ಕಾರಣವನ್ನು ನಮ್ಮ ಭಾಷೆಯೇ ಬಲ್ಲದು. ಸೊಕ್ಕು, ಕೊಬ್ಬು, ಠೇಂಕಾರ ಎಂಬ ಮಾತುಗಳನ್ನು ಕೆಳಗಿನವರ ಮೇಲೆ ಎರಗುವವನಿಗೆ ಬಳಸುತ್ತೇವೆ. ಕೆಚ್ಚು, ಛಲ, ಸ್ವಾಭಿಮಾನ ಎಂಬುವನ್ನು ಮೇಲಿನವರಿಗೆ ಬಗ್ಗದವನಿಗೆ ಮೀಸಲಿಟ್ಟಿದ್ದೇವೆ. ವೆಂಕಟಸುಬ್ಬಯ್ಯ ಕತ್ತರಿಸಿದ್ದು ತನ್ನ ನಾಲಗೆಯನ್ನು. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (೧೯೪೭) ನಾಟಕದ ವಸ್ತುವಾದ ಏಕಲವ್ಯನ ಕತೆಯಲ್ಲಿ, ಅರ್ಜುನನನ್ನು ಸಾಟಿಯಿಲ್ಲದವನಾಗಿ ಉಳಿಸಲು ಕತ್ತರಿಸಿದ್ದು ಇನ್ನೊಬ್ಬನ ಹೆಬ್ಬೆರಳನ್ನು. ಕೆಚ್ಚಿಗೂ ಸೊಕ್ಕಿಗೂ ಇರುವ ಅಂತರ ಇಷ್ಟೇ, ಇಷ್ಟು ದೊಡ್ಡದು. ರನ್ನನ ಬಿರುನುಡಿ ಯಾರ ಬೆರಳನ್ನೂ ಕೇಳಲಿಲ್ಲ; ತನ್ನ ಕಾವ್ಯವನ್ನು ಪರೀಕ್ಷೆಗೆ ಒಡ್ಡಿತು.

ಇನ್ನೊಂದು ಆಕ್ಷೇಪ ಓದುಗರ ಸಂತೋಷದ್ದು. ಇಂಥ ಪಾತ್ರಗಳು ನಮಗೆ ಇಷ್ಟವಾಗುತ್ತವೆ. ೧೮೮೭ರಲ್ಲಿ ಮೊದಲು ಕಾಣಿಸಿಕೊಂಡ ಷರ್ಲಾಕ್ ಹೋಮ್ಸ್ ಇಂದಿಗೂ ಮುಪ್ಪಾಗಿಲ್ಲ, ಅವನ ಮಾದರಿಯ ಮೇಲೆ ಹುಟ್ಟಿದ ಡಾಕ್ಟರ್ ಹೌಸ್ ೨೦೦೪ರಿಂದ ೨೦೧೨ರವರೆಗೆ ಟಿವಿಯಲ್ಲಿ ರೋಗಿಗಳನ್ನು ಗದರುತ್ತಲೇ ಜನಪ್ರಿಯನಾದ. ಮುಲಾಜಿಲ್ಲದೆ ಮಾತಾಡುವವನನ್ನು ನೋಡಿದರೆ, ದಿನವಿಡೀ ಮುಲಾಜಿಗೆ ಬಿದ್ದು ಬದುಕುವ ನಮಗೆ ಬಿಡುಗಡೆಯ ಅನುಭವ ಆಗುತ್ತದೆ. ಆ ಸಂತೋಷ ಸುಳ್ಳಲ್ಲ. ಆದರೆ ಅದರ ಹಿಂದೆ ಲೇಖಕನ ರಕ್ಷೆಯೊಂದಿದೆ: ಇಂಥ ಕತೆಗಳಲ್ಲಿ ಗರ್ವಿಷ್ಠನ ಊಹೆ ಕೊನೆಗೆ ಸರಿಯಾಗಿಯೇ ತೀರಬೇಕೆಂದು ಮೊದಲೇ ಗೊತ್ತುಮಾಡಲಾಗಿರುತ್ತದೆ. ಭೂಮಿ ಸೂರ್ಯನ ಸುತ್ತ ತಿರುಗುವುದು ಹೋಮ್ಸನಿಗೆ ಗೊತ್ತಿಲ್ಲವೆಂದು ಮೊದಲ ಕಾದಂಬರಿಯಲ್ಲೇ ಬರುತ್ತದೆ. ಅವನಿಗೆ ಕಾಣದ ಆ ಜಾಗ ಅವನ ಮೆರುಗಿಗೆ ಇನ್ನೊಂದು ಒಡವೆಯಾಗುತ್ತದೆಯೇ ಹೊರತು ಯಾರ ಬಾಳನ್ನೂ ಕೆಡಿಸುವುದಿಲ್ಲ. ಬದುಕಿನಲ್ಲಿ ಅಂಥ ರಕ್ಷೆ ಯಾರಿಗೂ ಇಲ್ಲ. ಪರದೆಯ ಠೇಂಕಾರವನ್ನು ನೋಡಿ, ಕಚೇರಿಯಲ್ಲೋ ತರಗತಿಯಲ್ಲೋ ಕಿರಿಯರ ಮೇಲೆ ಹರಿಹಾಯುವುದೇ ಬುದ್ಧಿವಂತಿಕೆಯ ಗುರುತೆಂದು ನಂಬುವ ಎಳೆಯರಿಗೆ, ಕತೆಯ ಹೊರಗೆ ತಪ್ಪು ಊಹೆಗಳೂ ಇರುತ್ತವೆಂದು ಹೇಳಬೇಕಾಗಿದೆ.

ಈ ರಿಯಾಯಿತಿ ಕೂಡ ಗಂಡಸರಿಗೆ ಮಾತ್ರ ಎಂಬುದನ್ನು ಮರೆಯಬಾರದು. ೧೯೮೩ರ ‘ಕವಿರತ್ನ ಕಾಳಿದಾಸ’ದಲ್ಲಿ ವಿದ್ಯಾಧರೆ ಪಂಡಿತರನ್ನು ವಾದದಲ್ಲಿ ಸೋಲಿಸುವಷ್ಟು ಬಲ್ಲವಳು. ಅವಳ ಸೊಕ್ಕು ಮುರಿಯಲೆಂದೇ ಒಬ್ಬ ಕುರುಬರ ಹುಡುಗನನ್ನು ಪಂಡಿತನೆಂದು ನಂಬಿಸಿ ಮದುವೆ ಮಾಡಿಸುತ್ತಾರೆ. ಮೋಸ ಮಾಡಿದವರ ಸೊಕ್ಕಿನ ಬಗ್ಗೆ ನಮಗೆ ಸಿಟ್ಟು ಬರುವುದು ಕಡಿಮೆ, ಮೋಸಹೋದವಳ ಸೊಕ್ಕು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ. ನಾಗಚಂದ್ರ ಮತ್ತು ಕಂತಿಯ ಹಳೆಯ ಕತೆ ಇದಕ್ಕಿಂತ ಆಳವಾದದ್ದು. ಅಭಿನವ ಪಂಪನೆಂದು ಬಿರುದು ಪಡೆದ ಕವಿ ಕೊಟ್ಟ ಸಮಸ್ಯೆಗಳನ್ನೆಲ್ಲ ಕಂತಿ ಪೂರಣ ಮಾಡುತ್ತಾಳೆ, ಆದರೆ ಅವನನ್ನು ಹೊಗಳಲು ಒಪ್ಪುವುದಿಲ್ಲ. ಕೊನೆಗೆ ಅವನು ಸತ್ತನೆಂಬ ಸುದ್ದಿ ಹಬ್ಬಿಸುತ್ತಾನೆ. ಅವಳು ಬಂದು ದುಃಖದಲ್ಲಿ ಅವನ ಕವಿತ್ವವನ್ನು ಕೊಂಡಾಡಿದೊಡನೆ ಎದ್ದು ಕೂರುತ್ತಾನೆ. ಕಂತಿ ಸೋತಳೆಂದು ಈ ಕತೆಯನ್ನು ಹೇಳುವ ರೂಢಿಯಿದೆ. ಸರಿಯಾಗಿ ನೋಡಿದರೆ, ಆಸ್ಥಾನದ ಮನ್ನಣೆಯೆಲ್ಲ ಇದ್ದರೂ ಒಬ್ಬಳ ಬಾಯಿಂದ ಮೆಚ್ಚುಗೆ ಬರಲಿಲ್ಲವೆಂದು ಹೆಣದಂತೆ ಮಲಗಬೇಕಾಗಿ ಬಂದವನು ಅವನು. ಗರ್ವಕ್ಕೆ ಒಂಟಿಯಾಗಿ ನಿಲ್ಲುವ ಶಕ್ತಿಯಿಲ್ಲ, ಅದು ಸದಾ ಇನ್ನೊಬ್ಬರ ಮೆಚ್ಚುಗೆಯನ್ನು ಬೇಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಹಾಗಾದರೆ ಗರ್ವವಿಲ್ಲದ ಪ್ರತಿಭೆಯನ್ನು ಸಪ್ಪೆಯಾಗದಂತೆ ಬರೆಯಲು ಸಾಧ್ಯವೇ? ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಈ ಪ್ರಶ್ನೆಗೆ ಉತ್ತರ. ಮಲೆನಾಡಿನ ಊರಿನಲ್ಲಿ ವಿಜ್ಞಾನಿ ಕರ್ವಾಲೊ ಅಪಾರ ವಿದ್ವತ್ತಿನವರು. ಊರವರು ದಡ್ಡನೆಂದು ಬಗೆದ, ಜೇನು ಹುಡುಕುವ ಮಂದಣ್ಣನಲ್ಲಿ ಅವರು ಹುಟ್ಟಾ ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ನಿರೂಪಕನಿಗೂ ಓದುಗನಿಗೂ ಮೊದಮೊದಲು ಇದು ಅತಿಶಯೋಕ್ತಿ ಎನಿಸುತ್ತದೆ. ಆದರೆ ಹಾರುವ ಓತಿಯನ್ನು ಕಂಡ ಕಣ್ಣು ಮಂದಣ್ಣನದೇ. ಕಾಡಿನೊಳಗಿನ ಹುಡುಕಾಟದ ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಅದನ್ನು ತಮ್ಮ ಸೋಲೆಂದು ಹಲುಬದೆ, ಆ ಜೀವಿಯ ವಿಸ್ಮಯದ ಮುಂದೆ ಸುಮ್ಮನೆ ನಿಲ್ಲಬಲ್ಲವರಾದ್ದರಿಂದಲೇ ಕರ್ವಾಲೊ ದೊಡ್ಡ ವಿಜ್ಞಾನಿ. ಅಜೀಜನನ್ನು ಕಾಣದ ಸುಲ್ತಾನ, ಮಂದಣ್ಣನನ್ನು ಕಂಡ ಕರ್ವಾಲೊ: ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ವಿನಯ ಎಂಬುದು ಕೈಮುಗಿದು ನಿಲ್ಲುವ ಸಭ್ಯತೆಗಿಂತ ಬೇರೆಯಾದದ್ದು, ಅದು ನೋಡುವ ಸಾಮರ್ಥ್ಯ ಎಂಬುದು ಮನವರಿಕೆಯಾಗುತ್ತದೆ. ಹೆಸರಘಟ್ಟದ ನೃತ್ಯಶಾಲೆಯಲ್ಲಿ ದಿನವೂ ಅದೇ ಹೆಜ್ಜೆಯನ್ನು ಮತ್ತೆ ಹಾಕಿಸುವುದರ ಹಿಂದೆ ಇರುವ ತಿಳಿವಳಿಕೆಯೂ ಇದೇ: ನಿನ್ನೆ ಸರಿಯೆಂದುಕೊಂಡ ಹೆಜ್ಜೆಯಲ್ಲಿ ಇಂದು ತಪ್ಪು ಕಾಣಿಸಬೇಕು.

ಜಕಣಾಚಾರಿಯ ಕತೆಯನ್ನು ಜನ ಕಡಿದ ಕೈಯಲ್ಲಿ ಮುಗಿಸಿಲ್ಲ ಎಂಬುದು ಇಲ್ಲಿ ಮಹತ್ವದ ಸಂಗತಿ. ಶಾಸ್ತಿಯಷ್ಟೇ ಬೇಕಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಐತಿಹ್ಯದಲ್ಲಿ ಅವನು ಬಿಟ್ಟುಬಂದಿದ್ದ ಊರಿಗೆ ಮರಳುತ್ತಾನೆ, ಅಲ್ಲಿ ಚೆನ್ನಕೇಶವನ ಗುಡಿ ಕಟ್ಟುತ್ತಾನೆ, ಗುಡಿ ಮುಗಿದಾಗ ಹೋದ ಕೈ ಬರುತ್ತದೆ. ತುಮಕೂರಿನ ಬಳಿಯ ಆ ಊರನ್ನು ಇಂದಿಗೂ ಕೈದಾಳ ಎಂದು ಕರೆಯುತ್ತಾರೆ. ಒಂದೇ ಕೈಯಲ್ಲಿ ಕಲ್ಲು ಕೆತ್ತಲಾಗದು. ಒಬ್ಬರು ಉಳಿ ಹಿಡಿದರೆ ಇನ್ನೊಬ್ಬರು ಸುತ್ತಿಗೆ ಹೊಡೆಯಬೇಕು. ಬೇಲೂರಿನಲ್ಲಿ ತನ್ನ ಬಲಗೈಯನ್ನೇ ಪಣಕ್ಕಿಟ್ಟ ಶಿಲ್ಪಿ, ಕೈದಾಳದ ಗುಡಿಯನ್ನು ಇನ್ನೊಬ್ಬರ ಕೈಯನ್ನು ನಂಬಿಯೇ ಕಟ್ಟಿರಬೇಕು.